ಫೀಬಿಯ ಅರವತ್ತು ಎಕರೆ

ಮೂವತ್ತೊಂದು ವರ್ಷ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಓದಿದವಳು ನಾನು. ಮಂಡ್ಯ ಸೀಮೆಯ ಅರ್ಧ ಗದ್ದೆ ನನ್ನ ಮೇಜಿನ ಮೇಲೆಯೇ ಕೈ ಬದಲಾಯಿಸಿದೆ ಎಂದರೆ ಜಂಬ ಎನ್ನುತ್ತೀರಿ. ಜಂಬವೇ. ಅದೇ ಮುಂದೆ ನನ್ನ ಮುಖಕ್ಕೆ ಮಸಿ ಬಳಿಯಿತು, ಹಾಗಾಗಿ ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಿವೃತ್ತಿಯಾಗಿ ಅಮೆರಿಕದ ಪಶ್ಚಿಮ ಕರಾವಳಿಯ ಮುಕಿಲ್ಟಿಯೊದಲ್ಲಿರುವ ಮಗಳು ಮೈತ್ರಿಯ ಮನೆಗೆ ಬಂದಾಗ ನನಗೆ ಮಾಡಲು ಏನೂ ಇರಲಿಲ್ಲ. ಮೈತ್ರಿ ಬೆಳಿಗ್ಗೆ ಎದ್ದು ಸೌತ್ ಲೇಕ್ ಯೂನಿಯನ್‌ನ ಆಫೀಸಿಗೆ ಹೋದರೆ ಬರುವುದು ಸಂಜೆಗೆ. ಮೊಮ್ಮಗಳು ಸಿರಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ರೂಮು ಸೇರುತ್ತಾಳೆ. ನಾನು ಕಿಟಕಿಯಾಚೆ ಫೆರಿ ದೋಣಿಗಳು ಬಂದು ಹೋಗುವುದನ್ನು ಎಣಿಸುತ್ತಾ ಕೂರುತ್ತಿದ್ದೆ. ಆಗ ಕೈ ಹಿಡಿದದ್ದು ಪಕ್ಕದ ಮನೆಯ ಡೆಲೋರಿಸ್ ಹಾರ್ಗ್ರೋವ್.

ಡೆಲೋರಿಸ್‌ಗೆ ಎಪ್ಪತ್ತೆರಡು. ವಿಮಾನದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ವೈರಿಂಗ್ ಮಾಡಿ ನಿವೃತ್ತಳಾದವಳು, ಕಪ್ಪು ಜನಾಂಗದವಳು, ಮಾತು ಕಮ್ಮಿ. ಅವಳಿಗೊಂದು ಹಟವಿತ್ತು. ವರ್ಜೀನಿಯಾದಲ್ಲಿದ್ದ ತನ್ನ ಹಿರಿಯರು ಯಾರ ಗುಲಾಮರೂ ಆಗಿರಲಿಲ್ಲ, ಹೊಳೆಯ ಪಕ್ಕದಲ್ಲಿ ಸ್ವಂತ ಜಮೀನು ಇಟ್ಟುಕೊಂಡಿದ್ದರು ಎಂದು ಅವಳ ಅಜ್ಜಿ ಹೇಳುತ್ತಿದ್ದಳಂತೆ. ಅದನ್ನು ಕಾಗದದಲ್ಲಿ ನೋಡಬೇಕೆಂಬುದು ಅವಳ ಆಸೆ. ಅದಕ್ಕಿಂತ ಹೆಚ್ಚಾಗಿ, ಟಕೋಮಾದ ವೃದ್ಧಾಶ್ರಮದಲ್ಲಿರುವ ತೊಂಬತ್ಮೂರು ವರ್ಷದ ಚಿಕ್ಕಮ್ಮ ಒಡೆಸ್ಸಾ ಕಣ್ಣು ಮುಚ್ಚುವ ಮೊದಲು ಅದನ್ನು ನೋಡಬೇಕು.

ಪ್ರತಿ ಗುರುವಾರ ಅವಳು ಹೋಗುತ್ತಿದ್ದ ಲೈಬ್ರರಿಯ ವಂಶಾವಳಿ ಕೊಠಡಿಗೆ ನಾನೂ ಹೋಗತೊಡಗಿದೆ. ಅಲ್ಲಿನ ಕಂಪ್ಯೂಟರಿನಲ್ಲಿ ಇನ್ನೂರು ವರ್ಷದ ಹಳೆಯ ಭೂಪತ್ರಗಳ ಚಿತ್ರಗಳು ಸಿಗುತ್ತವೆ. ಮೊದಲ ಪತ್ರ ತೆರೆದಾಗಲೇ ನನಗೆ ತವರಿಗೆ ಬಂದಂತಾಯಿತು. ಬಿಳಿ ಓಕ್ ಮರದಿಂದ ಹೊಳೆಯ ತಿರುವಿನವರೆಗೆ, ಅಲ್ಲಿಂದ ಇಂಥವನ ಗಡಿಯವರೆಗೆ ಎಂದಿತ್ತು. ನಮ್ಮ ಚಕ್ಕುಬಂದಿಯೇ ತಾನೆ! ಪೂರ್ವಕ್ಕೆ ಕಾಲುವೆ, ಪಶ್ಚಿಮಕ್ಕೆ ಕೆಂಪಯ್ಯನ ಗದ್ದೆ ಎಂದು ಬರೆಯುತ್ತಿರಲಿಲ್ಲವೇ? ಅಲ್ಲಿದ್ದವರೆಲ್ಲ ಹೆಸರು ಹಿಡಿದು ಹುಡುಕುತ್ತಿದ್ದರು. ಹೆಸರು ಹಿಡಿದರೆ ಮೋಸ ಹೋಗುತ್ತೀರಿ, ಪಕ್ಕದ ಜಮೀನಿನವನ ಗಡಿ ಹಿಡಿಯಿರಿ ಎಂದು ನಾನು ಅವರಿಗೆಲ್ಲ ಉಪದೇಶ ಮಾಡಿದೆ. ನಾಲ್ಕೇ ವಾರದಲ್ಲಿ ಆ ಕೊಠಡಿಯ ಅರ್ಧ ಜನ ನನ್ನ ಮೇಜಿನ ಮುಂದೆ ನಿಂತಿದ್ದರು. ಮಗಳಿಗೆ ದಿನಾ ಅದೇ ವರದಿ ಒಪ್ಪಿಸುತ್ತಿದ್ದೆ.

ಡೆಲೋರಿಸ್‌ಗೆ ತಿಳಿದಿದ್ದ ತೀರ ಹಿಂದಿನ ಹೆಸರು ಮಿಲಿ. 1870ರ ಜನಗಣತಿಯಲ್ಲಿ ಮಿಲಿಗೆ ಅರವತ್ತೆಂಟು ವರ್ಷ. ಅವಳ ತಾಯಿ ಫೀಬಿ ಎಂದು ಅಜ್ಜಿ ಹೇಳಿದ್ದಳು. ನಾನು ಗಡಿ ಹಿಡಿದು ಹಿಂದಕ್ಕೆ ನಡೆದೆ, ಹೊಳೆಯ ದಂಡೆಯ ಒಂದೊಂದೇ ಹೊಲ ದಾಟುತ್ತಾ. ಏಪ್ರಿಲ್‌ನ ಒಂದು ಗುರುವಾರ 1803ರ ಒಂದು ವಿಭಾಗಪತ್ರ ಸಿಕ್ಕಿತು. ಹಾರ್ಗ್ರೋವ್ ಎಂಬ ಮುದುಕ ಸತ್ತ ಮೇಲೆ ಅವನ ಆಸ್ತಿಯನ್ನು ಐದು ಪಾಲು ಮಾಡಿದ್ದರು. ಮೂರನೆಯ ಪಾಲಿನ ಮೇಲೆ ಹೀಗಿತ್ತು: ಡೇನಿಯಲ್, ಫೀಬಿ ಮತ್ತು ಅವಳ ಮಗು ಮಿಲಿ. ಅದರ ಕೆಳಗೆ, ಹೊಳೆಯ ಕಡೆಯ ಅರವತ್ತು ಎಕರೆ. ತೀರ ಕೆಳಗೆ ಬಲಗಡೆ, ವಿಲಿಯಂ ಹಾರ್ಗ್ರೋವ್.

ನಮ್ಮ ವಿಭಾಗಪತ್ರಗಳಲ್ಲಿ ಮೇಲೆ ಬರುವುದು ಪಾಲುದಾರರ ಹೆಸರು, ಅದರಡಿ ಅವರಿಗೆ ಬಂದ ಸ್ವತ್ತು, ಕೊನೆಯಲ್ಲಿ ಸಾಕ್ಷಿಯ ರುಜು. ಮೂವತ್ತೊಂದು ವರ್ಷ ನನ್ನ ಕಣ್ಣು ಕಾಗದದ ಮೇಲೆ ಇಳಿದದ್ದು ಈ ಕ್ರಮದಲ್ಲಿಯೇ, ಅವತ್ತೂ ಹಾಗೆಯೇ ಇಳಿಯಿತು. ಡೇನಿಯಲ್ ಮತ್ತು ಫೀಬಿ ಪಾಲುದಾರರು, ಅರವತ್ತು ಎಕರೆ ಅವರಿಗೆ ಬಂದದ್ದು, ವಿಲಿಯಂ ಮನೆತನದ ಹಿರಿಯ, ಸಾಕ್ಷಿ. ಡೇನಿಯಲ್, ಫೀಬಿ, ಮಿಲಿ ಮೂವರಿಗೂ ಮನೆತನದ ಹೆಸರು ಹಚ್ಚಿರಲಿಲ್ಲ ಎಂಬುದು ನನಗೆ ವಿಚಿತ್ರ ಅನ್ನಿಸಲೇ ಇಲ್ಲ. ನಮ್ಮ ಕಡೆ ಯಾರಿಗೆ ಇರುತ್ತದೆ? ನಾನೇ ಬರೀ ಅನಸೂಯ.

ಡೆಲೋರಿಸ್‌ಗೆ ತೋರಿಸಿದೆ. ಬೆರಳಿಟ್ಟು ಓದಿದೆ. ಖಚಿತವೇ ಎಂದು ಅವಳು ಎರಡು ಸಲ ಕೇಳಿದಳು. ಇಂಥವು ಹತ್ತು ಸಾವಿರ ಓದಿದ್ದೇನೆ ಎಂದೆ. ಎಂದೂ ಅಳದವಳು ಆ ಕೊಠಡಿಯಲ್ಲಿ ಎಲ್ಲರೆದುರು ಅತ್ತುಬಿಟ್ಟಳು. ಅಲ್ಲಿಂದಲೇ ಒಡೆಸ್ಸಾಗೆ ಫೋನ್ ಮಾಡಿದಳು. ಆ ಮುದುಕಿಯ ನಗು ಫೋನಿನಿಂದ ಹೊರಗೆಲ್ಲ ಕೇಳಿಸಿತು. ಜುಲೈನಲ್ಲಿ ಟಕೋಮಾದ ಒಂದು ಪಾರ್ಕಿನಲ್ಲಿ ಅವರ ಮನೆತನದ ತೊಂಬತ್ತು ಜನ ಸೇರುವ ರೀಯೂನಿಯನ್ ಇತ್ತು. ನಾನೂ ಬರಬೇಕು, ಎಲ್ಲರೆದುರು ಈ ಕಾಗದ ಓದಬೇಕು ಎಂದು ಕೈ ಹಿಡಿದು ಹೇಳಿದಳು. ಯಾವ ಸೀರೆ ಉಡಲಿ ಎಂದು ಮೈತ್ರಿಯನ್ನು ಅವತ್ತೇ ಕೇಳಿದ್ದೇನೆ, ಅಷ್ಟು ಹಿಗ್ಗು ನನಗೆ.

ತಪ್ಪು ಹೊರಗೆ ಬಂದದ್ದು ನನ್ನದೇ ಚಕ್ಕುಬಂದಿಯಿಂದ. ಓದುವ ದಿನಕ್ಕೆ ಚೆನ್ನಾಗಿರಲಿ ಎಂದು ಫೀಬಿಯ ಜಮೀನಿನ ನಾಲ್ಕೂ ಗಡಿ ಹುಡುಕಲು ಕೂತೆ. ಪೂರ್ವದ ಹೊಲದವನ ಪತ್ರದಲ್ಲಿ ಪಕ್ಕದ್ದು ವಿಲಿಯಂ ಹಾರ್ಗ್ರೋವನ ಜಮೀನು ಎಂದಿತ್ತು. ಉತ್ತರದವನ ಪತ್ರದಲ್ಲೂ ವಿಲಿಯಂ. ಇಪ್ಪತ್ತು ವರ್ಷದ ಪತ್ರಗಳನ್ನು ತಿರುವಿದರೂ ಒಬ್ಬ ನೆರೆಯವನೂ ಫೀಬಿಯ ಹೆಸರು ಎತ್ತಿರಲಿಲ್ಲ. ಆಗ ಅನುಮಾನ ಬಂತು. ಹಾರ್ಗ್ರೋವ್ ಮುದುಕ ಸತ್ತಾಗ ಬರೆದ ಆಸ್ತಿಪಟ್ಟಿ ತೆರೆದೆ. ಒಂದು ಕಬ್ಬಿಣದ ಹಂಡೆ. ಎರಡು ಹಾಸಿಗೆ. ಕೆಂಪು ಹಸು ಮತ್ತು ಅದರ ಕರು. ಫೀಬಿ ಮತ್ತು ಅವಳ ಮಗು ಮಿಲಿ. ಒಂದು ನೂಲುವ ರಾಟೆ. ಎಲ್ಲದರ ಮುಂದೆ ಬೆಲೆ ಬರೆದಿದ್ದರು.

ಪಾಲು ಪಡೆದವರು ಎಂದು ನಾನು ಓದಿದವರೇ ಪಾಲಾಗಿ ಹೋಗಿದ್ದರು. ವಿಲಿಯಂ ಸಾಕ್ಷಿಯಲ್ಲ, ಆ ಪಾಲು ಪಡೆದ ಯಜಮಾನ. ಅವನ ಮನೆತನದ ಹೆಸರೇ ಇವತ್ತು ಡೆಲೋರಿಸ್‌ಳ ಅಂಚೆಪೆಟ್ಟಿಗೆಯ ಮೇಲಿದೆ.

ನೇರವಾಗಿ ಪಕ್ಕದ ಮನೆಗೆ ಹೋದೆ ಎಂದು ಬರೆಯುವ ಯೋಗ್ಯತೆ ನನಗಿಲ್ಲ. ಹನ್ನೊಂದು ದಿನ ಅಡಗಿ ಕೂತೆ. ಗುರುವಾರ ಮಂಡಿನೋವು ಎಂದು ಸುಳ್ಳು ಹೇಳಿದೆ. ಡೆಲೋರಿಸ್ ಹೂಗಿಡಗಳಿಗೆ ನೀರು ಹಾಕಲು ಹೊರಗೆ ಬಂದರೆ ಕಿಟಕಿಯ ಪರದೆ ಎಳೆಯುತ್ತಿದ್ದೆ. ನಾಚಿಕೆಗೆ ಊಟ ಸೇರುತ್ತಿರಲಿಲ್ಲ. ಕೊನೆಗೆ ಮೈತ್ರಿಗೆ ಹೇಳಿದೆ. ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

"ಅಮ್ಮ, ರೀಯೂನಿಯನ್ ಮುಗೀಲಿ ಬಿಡು," ಎಂದಳು. "ಆ ಅಜ್ಜಿ ಖುಷಿಯಾಗಿದಾರೆ. ಯಾರ್ ಹೋಗಿ ಚೆಕ್ ಮಾಡ್ತಾರೆ ಅದನ್ನ?"

ಮಗಳು ಕೆಟ್ಟವಳಲ್ಲ, ನನ್ನ ಮುಖ ನೋಡಿ ಹೇಳಿದ ಮಾತು. ನಾಚಿಕೆಯ ವಿಷಯವೆಂದರೆ ಅದನ್ನು ಕೇಳಿ ನನಗೆ ಎಷ್ಟೋ ಸಮಾಧಾನವಾಯಿತು. ಅವತ್ತು ಹೊಟ್ಟೆ ತುಂಬ ಉಂಡೆ.

ಮರುದಿನ ಬೆಳಿಗ್ಗೆ ಡೆಲೋರಿಸ್ ತಾನೇ ಬಂದಳು. ಬಾಗಿಲು ತೆರೆಯದೆ ವಿಧಿಯಿರಲಿಲ್ಲ. ಕೈಯಲ್ಲಿ ನನ್ನ ಮಂಡಿಗೆಂದು ಒಂದು ಮುಲಾಮು, ಬಗಲಲ್ಲಿ ಸುತ್ತಿದ ನೀಲಿ ಬಟ್ಟೆ. ಆ ಬಟ್ಟೆಯನ್ನು ನಮ್ಮ ಸೋಫಾದ ಮೇಲೆ ಬಿಚ್ಚಿ ಹಾಸಿದಳು. ಪಾರ್ಕಿನಲ್ಲಿ ಕಟ್ಟಲು ಮಾಡಿಸಿದ ಬ್ಯಾನರ್. ಅದರ ಮೇಲೆ ದೊಡ್ಡ ಬಿಳಿ ಅಕ್ಷರಗಳಲ್ಲಿ ಬರೆದಿತ್ತು: ಫೀಬಿಯ ಅರವತ್ತು ಎಕರೆ. ಒಡೆಸ್ಸಾ ತಾನೇ ಆರಿಸಿದ ಬಣ್ಣವಂತೆ.

ಮುಲಾಮಿನ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ನಾನು ತಪ್ಪು ಓದಿದ್ದೇನೆ ಎಂದೆ.

ಅವಳು ಕೂತಳು. ವಿಭಾಗಪತ್ರ, ಆಸ್ತಿಪಟ್ಟಿ ಎರಡರ ಪ್ರತಿಗಳನ್ನೂ ತಂದು ಮುಂದಿಟ್ಟೆ. ವಿವರಿಸಲು ಬಾಯಿ ತೆರೆದಾಗ ಕೈ ಎತ್ತಿ ತಡೆದಳು, ಕನ್ನಡಕ ಹಾಕಿಕೊಂಡು ತಾನೇ ಓದಿದಳು. ಆಸ್ತಿಪಟ್ಟಿಯ ಮೇಲೆ ಅವಳ ಬೆರಳು ಹಂಡೆ, ಹಾಸಿಗೆ, ಹಸು ಎಂದು ಇಳಿಯುತ್ತಾ ಹೋಗಿ ಒಂದು ಕಡೆ ನಿಂತಿತು. ನನ್ನ ಕಡೆ ತಿರುಗಿ, ಯಾವತ್ತಿನಿಂದ ಗೊತ್ತು ಎಂದು ಕೇಳಿದಳು. ಹನ್ನೊಂದು ದಿನ ಎಂದೆ. ಮುಲಾಮಿನ ಡಬ್ಬಿಯನ್ನು ಒಮ್ಮೆ ನೋಡಿದಳು, ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹತ್ತು ಸಾವಿರ ಓದಿದವಳಿಗೆ ಇದು ಹೇಗೆ ಕಾಣಲಿಲ್ಲ ಎಂದು ಕೇಳಿದಳು. ನಮ್ಮಲ್ಲಿ ಹೆಸರುಗಳು ಮೇಲೆ ಬರುತ್ತವೆ, ಸ್ವತ್ತು ಕೆಳಗೆ ಬರುತ್ತದೆ ಎಂದೆ. ನಿಮ್ಮಲ್ಲಿ ಪಾಲು ಮಾಡುವಾಗ ಮನುಷ್ಯರನ್ನು ಹಂಚುತ್ತಿರಲಿಲ್ಲವೇ ಎಂದಳು.

"ಕಾಗದದಲ್ಲಿ ಇಲ್ಲ," ಎಂದೆ.

ಬಾಯಿಂದ ಬಿದ್ದ ಮೇಲೆ ಆ ಮಾತು ನನಗೇ ಕೇಳಿಸಿತು. ಅವಳಿಗೂ ಕೇಳಿಸಿತ್ತು. ಕನ್ನಡಕ ತೆಗೆದು ನನ್ನನ್ನೇ ನೋಡುತ್ತಾ ಕಾದಳು.

ಹೇಳಿದೆ. ಐವತ್ತು ವರ್ಷದ ಹಿಂದೆ ನನ್ನ ಅಪ್ಪ ಮತ್ತು ದೊಡ್ಡಪ್ಪ ಬೇರೆಯಾದರು. ವಿಭಾಗಪತ್ರದಲ್ಲಿ ಗದ್ದೆ, ತೆಂಗಿನ ತೋಟ, ಬಾವಿ ಮಾತ್ರ ಇದ್ದವು. ಆದರೆ ತಲೆಮಾರಿನಿಂದ ನಮ್ಮ ಮನೆಗೆ ಅಂಟಿಕೊಂಡು ದುಡಿಯುತ್ತಿದ್ದ ಕೇರಿಯ ಎರಡು ಸಂಸಾರಗಳಿದ್ದವು. ಅಣ್ಣತಮ್ಮಂದಿರು ಜಗಲಿಯ ಮೇಲೆ ಕೂತು ಅವನ್ನೂ ಹಂಚಿಕೊಂಡರು. ಜವರಮ್ಮ ನಮ್ಮ ಪಾಲಿಗೆ ಬಂದಳು. ಅಮ್ಮ ಬಂದವರಿಗೆಲ್ಲ ಅವಳನ್ನು ಹಾಗೆಯೇ ತೋರಿಸುತ್ತಿದ್ದಳು, ನಮ್ಮ ಪಾಲಿಗೆ ಬಂದವಳು ಎಂದು. ಅದರಲ್ಲಿ ತಪ್ಪಿದೆ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಡೆಲೋರಿಸ್ ಕೆಲಸದ ದನಿಯಲ್ಲಿ, ಲೈಬ್ರರಿಯಲ್ಲಿ ಕೇಳುವ ಹಾಗೆಯೇ, ಒಂದೊಂದಾಗಿ ಕೇಳಿದಳು. ಜವರಮ್ಮನ ತಾಯಿಯ ಹೆಸರು? ಗೊತ್ತಿಲ್ಲ. ಗಂಡನ ಹೆಸರು? ಗೊತ್ತಿಲ್ಲ. ಹುಟ್ಟಿದ ಊರು? ಗೊತ್ತಿಲ್ಲ. ಮಕ್ಕಳು? ಒಂದು ಹೆಣ್ಣು ಮಗುವಿತ್ತು, ಹಿತ್ತಲಲ್ಲಿ ಬುಟ್ಟಿಯಲ್ಲಿ ಮಲಗಿಸಿ ಗೊಬ್ಬರ ಹೊರುತ್ತಿದ್ದಳು ಎಂದೆ. ಆ ಮಗುವಿನ ಹೆಸರು?

ಅದೂ ಗೊತ್ತಿಲ್ಲ ಎಂದೆ. ಅವಳು ಪಟ್ಟಿಯನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟಳು.

"ಇವರು ಪಾಪಿಗಳು," ಎಂದಳು. "ಆದರೂ ಮಿಲಿಯ ಹೆಸರು ಬರೆದಿಟ್ಟರು."

ಆಮೇಲೆ ಬ್ಯಾನರನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿದಳು. ನಾನು ಸಹಾಯಕ್ಕೆ ಕೈ ಚಾಚಿದೆ, ಬೇಡ ಎಂದಳು. ಒಡೆಸ್ಸಾಗೆ ತಾನೇ ಟಕೋಮಾಕ್ಕೆ ಹೋಗಿ ಹೇಳುತ್ತೇನೆ, ನೀನು ಬರುವುದು ಬೇಡ ಎಂದಳು. ಜುಲೈಗೆ ಬರಬೇಕೋ ಬೇಡವೋ ಎಂಬುದನ್ನು ಅವಳು ಹೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ. ಎರಡೂ ಕಾಗದಗಳನ್ನು ಎದೆಗವಚಿಕೊಂಡು ಹುಲ್ಲು ದಾಟಿ ಹೋದಳು. ಮುಲಾಮು ನನ್ನ ಕೈಯಲ್ಲೇ ಉಳಿಯಿತು, ಮಂಡಿ ನೋಯದವಳ ಕೈಯಲ್ಲಿ.

ಸಂಜೆಯಾಗುವುದನ್ನೇ ಕಾದು, ಊರಿನಲ್ಲಿ ಬೆಳಗಾಗುತ್ತಿದ್ದಂತೆ ಅಣ್ಣ ದ್ವಾರಕಾನಾಥನಿಗೆ ಫೋನ್ ಮಾಡಿದೆ. ಅವನಿಗೆ ಎಪ್ಪತ್ತು, ನೆನಪು ಗಟ್ಟಿ. ಐವತ್ತು ವರ್ಷದ ಹಿಂದೆ ಯಾವ ಗದ್ದೆಯಲ್ಲಿ ಎಷ್ಟು ಪಲ್ಲ ಭತ್ತ ಆಯಿತೆಂದು ಈಗಲೂ ಹೇಳುತ್ತಾನೆ, ಮಾರಿದ ಎತ್ತುಗಳ ಹೆಸರು ಹೇಳುತ್ತಾನೆ. ಕುಶಲ ಕೇಳಿ ಮುಗಿಸಿ, ಜವರಮ್ಮನ ಮಗಳ ಹೆಸರೇನು ಎಂದು ಕೇಳಿದೆ.

"ಯಾವ್ ಜವರಮ್ಮ?" ಎಂದ. "ನಮ್ ಪಾಲಿಗ್ ಬಂದಿದ್ಲಲ್ಲ, ಅವ್ಳಾ?"

ಹೌದು, ಅವಳೇ ಎಂದೆ. ಬೇರೆ ಯಾವ ಗುರುತು ಹೇಳಬೇಕೆಂದು ನನಗೂ ತಿಳಿದಿರಲಿಲ್ಲ.