ತೊಗಲು ಒಣಗದ ಡಂಗುರ

ಮಾಗಳದ ಹೊಳೆಯ ಕಡೆಯ ಓಣಿಯಲ್ಲಿ ಕೊಟ್ರಬಸಮ್ಮ ಬಸುರಿಯಾದ ಸುದ್ದಿ ಮೂವರಿಗೆ ಮಾತ್ರ ಗೊತ್ತಿತ್ತು: ಗಂಡನಿಗೆ, ಅತ್ತೆ ಅನ್ನದಾನಮ್ಮನಿಗೆ, ಮಾವ ಪಾಲಾಕ್ಷಪ್ಪ ಮಾಸ್ತರರಿಗೆ. ಐದು ತಿಂಗಳು ತುಂಬುವ ತನಕ ಅದು ಹೊಸ್ತಿಲು ದಾಟಬಾರದೆಂದು ಅವಳೇ ಕೇಳಿಕೊಂಡಿದ್ದಳು. ಹೋದ ಸಲ ಸುದ್ದಿ ತಿಳಿದ ಕೂಡಲೇ ಓಣಿಯ ಹೆಂಗಸರು ಬಾಳೆಹಣ್ಣು ಹಿಡಿದು ಹರಸಲು ಬಂದಿದ್ದರು. ಮುಂದಿನ ತಿಂಗಳು ಬಸಿರು ನಿಲ್ಲದೆ ಹೋದಾಗ ಅದೇ ಹೆಂಗಸರು ಬಾಳೆಹಣ್ಣು ಹಿಡಿದು ಸಮಾಧಾನ ಹೇಳಲು ಬಂದರು. ಅಂದಿನಿಂದ ಕೊಟ್ರಬಸಮ್ಮ ತನ್ನ ಉಡಿಗೆ ಬಿದ್ದ ಬಾಳೆಹಣ್ಣನ್ನು ಆಕಳ ಬಾಯಿಗೆ ಇಡುತ್ತಿದ್ದಳು. ಮತ್ತೊಮ್ಮೆ ಹಾಗೆ ಚಾಪೆಯ ಮೇಲೆ ಕೂತು ಅಷ್ಟು ಜನರ ಮರುಕಕ್ಕೆ ತಲೆಯಾಡಿಸುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ಬಾಯಿಯೇನೋ ಮುಚ್ಚಿತು, ಮೂಗು ಮಾತು ಕೇಳಲಿಲ್ಲ. ಮನೆಯವರದು ಮಲ್ಲಿಗೆ ತೋಟ. ಮೊಗ್ಗಿನ ಬುಟ್ಟಿಗಳು ಹಡಗಲಿಯ ಬಸ್ಸು ಹತ್ತಿದ ಮೇಲೆ, ಹೂ ಬಿಡಿಸುವ ಪಕ್ಕೀರಮ್ಮ ಮನೆಗೆಂದು ಒಂದು ಬೊಗಸೆ ತರುವುದು ರೂಢಿ. ಒಂದು ಮುಂಜಾನೆ ಆ ಘಮಕ್ಕೆ ಕೊಟ್ರಬಸಮ್ಮ ಸೆರಗನ್ನು ಮೂಗಿಗೊತ್ತಿ ಹಿತ್ತಲಿಗೆ ಓಡಿದಳು. ಪಕ್ಕೀರಮ್ಮ ಏನನ್ನೂ ನೋಡದವಳಂತೆ ಕಟ್ಟೆ ಇಳಿದಳು. ಮಾರನೆಯ ದಿನ ಅವಳ ಕೈಯಲ್ಲಿದ್ದದ್ದು ವಾಸನೆಯಿಲ್ಲದ ಅಬ್ಬಲಿಗೆ.

"ಯಾಕ, ಮಲ್ಲಿಗಿ ಇಲ್ಲೇನು?" ಎಂದು ಅನ್ನದಾನಮ್ಮ ಕೇಳಿದಳು.

"ಗಿಡ ಯಾಕೋ ದಣದಾವ್ರಿ ಅಮ್ಮಾರ."

ಆ ವಾರ ತೋಟ ಎಲೆ ಕಾಣದಷ್ಟು ಬೆಳ್ಳಗಿತ್ತು.

ಪಕ್ಕೀರಮ್ಮನ ಗಂಡ ಹುಲುಗಪ್ಪನೇ ಊರಿಗೆ ಡಂಗುರ ಸಾರುವವನು. ಸಾಯುವ ಮುದುಕರಿರುವ ಮನೆ, ಬಸುರಿ ಬಾಣಂತಿಯರಿರುವ ಮನೆ, ಇವುಗಳ ಮುಂದೆ ಬಡಿಯದೆ ಬರೀ ಬಾಯಲ್ಲಿ ಹೇಳಿ ಹೋಗುವುದು ಅವನ ಅಪ್ಪನ ಕಾಲದಿಂದ ಬಂದ ಪದ್ಧತಿ. ಪಕ್ಕೀರಮ್ಮ ಅವನಿಗೆ ಹೇಳಿದ್ದು ಇಷ್ಟೇ: "ಮಾಸ್ತರ ಮನಿ ಮುಂದ ಬಡೀಬ್ಯಾಡ." ಯಾಕೆಂದು ಅವನು ಕೇಳಲಿಲ್ಲ.

ಎಪ್ಪತ್ತೆಂಟರ ಮಳೆಗಾಲ. ಹೊಳೆ ಏರಿತು, ಹುಲುಗಪ್ಪ ಹೊರಟ.

"ಕೇಳ್ರಪ್ಪೋ ಕೇಳ್ರಿ! ಹೊಳಿಗೆ ನೀರು ಬಂದೈತಿ, ದನ ಕರ ಆ ಕಡಿ ಹೊಡೀಬ್ಯಾಡ್ರೋ!"

ಕಟ್ಟೆಯ ಮೇಲೆ ಮಂಡಕ್ಕಿ ತಿನ್ನುತ್ತ ಕೂತಿದ್ದ ಪಾಲಾಕ್ಷಪ್ಪ ಮಾಸ್ತರರು, ಪ್ರತಿಸಲದಂತೆ, ಪಕ್ಕದ ಮನೆಯ ಗಾದೆಮ್ಮನಿಗೆ ಪಾಠ ಶುರುಮಾಡಿದರು.

"ಗಾದೆಮ್ಮ, ಡಂಗುರ ಅಂದ್ರ ಸುದ್ದಿ ಅಲ್ಲ, ಮೊದಲು ಅದು ವಾದ್ಯದ ಹೆಸರು. ಅದನ್ನ ಬಡದು ಬಡದು ಸುದ್ದಿ ಹೇಳಿ, ವಾದ್ಯದ ಹೆಸರು ಸುದ್ದಿಗೆ ಅಂಟಿಕೊಂತು. ಮರಾಠಿಯವರು ಡಾಂಗೋರಾ ಅಂತಾರ, ತೆಲುಗರು ದಂಡೋರಾ. ಯಾರು ಯಾರಿಂದ ತಗೊಂಡ್ರೋ, ಈಗ ಎಲ್ಲಾರೂ ನಮ್ಮದು ಅಂತಾರ. ಒಟ್ಟಿನಾಗ, ಬಡೀಲಾರದ್ದು ಡಂಗುರ ಅಲ್ಲ."

"ಹೌದ್ರಿ ಮಾಸ್ತರ, ಹೋದ ಸಲಾನೂ ಅಂದಿದ್ರಿ," ಎಂದಳು ಗಾದೆಮ್ಮ.

ಅಷ್ಟರಲ್ಲಿ ಗಾದೆಮ್ಮನ ಬಾಗಿಲ ತನಕ ಬಡಿದುಕೊಂಡು ಬಂದ ಹುಲುಗಪ್ಪ, ವಾದ್ಯವನ್ನು ಕಂಕುಳಿಗೆ ಸೇರಿಸಿ ಮಾಸ್ತರರ ಮನೆಯನ್ನು ಮೆಲ್ಲಗೆ ದಾಟಿದ. ದಾಟಿದ ಮೇಲೆ ಮತ್ತೆ ಬಡಿದ.

ಬಾಗಿಲಲ್ಲಿ ನಿಂತ ಹೆಂಗಸರೆಲ್ಲ ಮೊದಲು ಮಾಸ್ತರರನ್ನು ನೋಡಿದರು. ಮಾಸ್ತರರು ಗಟ್ಟಿಮುಟ್ಟಾಗಿ ಕೂತು ಮಂಡಕ್ಕಿಯಲ್ಲಿ ಹಸಿಮೆಣಸಿನಕಾಯಿ ಹುಡುಕುತ್ತಿದ್ದರು. ಸಾಯುವ ಲಕ್ಷಣ ಇರಲಿಲ್ಲ. ಆಮೇಲೆ ಎಲ್ಲರೂ ಕಿಟಕಿಯ ಕಡೆ ನೋಡಿದರು. ಕಿಟಕಿಯ ಹಿಂದೆ ನಿಂತಿದ್ದ ಕೊಟ್ರಬಸಮ್ಮ ಒಳಗೆ ಸರಿದಳು; ಮರುದಿನದಿಂದ ನೀರಿಗೂ ಹೊರಗೆ ಬರಲಿಲ್ಲ.

ಸಂಜೆ ಅನ್ನದಾನಮ್ಮ ಹುಲುಗಪ್ಪನನ್ನು ತೋಟದ ಬೇಲಿಯ ಹತ್ತಿರ ನಿಲ್ಲಿಸಿಕೊಂಡಳು.

"ಎಂಥಾ ಕೆಲಸ ಮಾಡಿದ್ಯೋ ಹುಲುಗಪ್ಪ! ಊರಿಗೇ ಸಾರಿಬಿಟ್ಟಿ!"

"ನಾ ಏನೂ ಅಂದಿಲ್ರಿ ಅಮ್ಮಾರ."

"ಅನ್ನಲಿಲ್ಲ ಅಂತಾನ ಎಲ್ಲಾರಿಗೂ ತಿಳೀತಲ್ಲೋ!"

ಪಕ್ಕೀರಮ್ಮ ಬೇಲಿಯ ಆಚೆಯಿಂದ, "ಸಪ್ಪಳಕ್ಕ ಕೂಸಿನ ಜೀವ ಅದುರಬಾರದು ಅಂತ ನಾನಾ ಹೇಳಿದ್ನಿರಿ," ಎಂದಳು. ಅನ್ನದಾನಮ್ಮ ಬೈಯುವುದನ್ನು ಅಲ್ಲಿಗೇ ಬಿಟ್ಟು ಮನೆಯ ಕಡೆ ತಿರುಗಿದಳು.

ಮರುವಾರ ರೇಷನ್ ಅಂಗಡಿಗೆ ಸಕ್ಕರೆ ಬಂತು. ಹುಲುಗಪ್ಪ ಬಂದ. ಈ ಸಲ ಓಣಿಯ ತುದಿಯಿಂದ ತುದಿಯವರೆಗೂ ಬಡಿಯಲಿಲ್ಲ. ಆಚೆಯ ಓಣಿಗಳಲ್ಲೂ ಬಡಿಯಲಿಲ್ಲ. ಮನೆಮನೆಗೆ ಬಾಯಲ್ಲೇ ಹೇಳಿದ. ಪಂಚಾಯಿತಿಯ ಚೇರ್ಮನ್ನರು ಕೇಳಿದ್ದಕ್ಕೆ, "ಮಳಿಗೆ ತೊಗಲು ನೆಂದೈತ್ರಿ, ಸಪ್ಪಳ ಬರವಲ್ದು," ಎಂದ.

ಮಳೆ ನಿಂತಿತು, ಬಿಸಿಲು ಬಂತು. ತೊಗಲು ಮಾತ್ರ ಒಣಗಲಿಲ್ಲ. ಚೇರ್ಮನ್ನರು ಖುದ್ದಾಗಿ ಓಣಿಗೆ ಬಂದು ನಿಂತರು.

"ಇಂಥಾ ಬಿಸಿಲಾಗ ಅದೆಂಥಾ ತೊಗಲಲೇ ಅದು?"

ಗಾದೆಮ್ಮ ತನ್ನ ಕಟ್ಟೆಯಿಂದಲೇ ಹೇಳಿದಳು: "ಖರೇ ಐತ್ರಿ ಚೇರ್ಮನ್ರ. ಈ ವರ್ಷ ಏನೂ ಒಣಗವಲ್ದು. ನಮ್ಮ ಹಪ್ಪಳಾನೂ ಹಂಗಾ ಅದಾವು."

ಅವಳ ಮಾಳಿಗೆಯ ಮೇಲೆ ಹಪ್ಪಳ ಒಣಗಿ ಗಾಳಿಗೆ ಗಲಗಲ ಎನ್ನುತ್ತಿದ್ದವು. ಎದುರು ಮನೆಯ ಶಿವಬಸಮ್ಮನೂ ಸಂಡಿಗೆಯ ಬಗ್ಗೆ ಸಾಕ್ಷಿ ಹೇಳಿದಳು. ಚೇರ್ಮನ್ನರು ಮೇಲೊಮ್ಮೆ ಸೂರ್ಯನನ್ನು ನೋಡಿ ಹೊರಟುಹೋದರು.

ಕೊಟ್ರಬಸಮ್ಮ ಇದನ್ನೆಲ್ಲ ಕಿಟಕಿಯಿಂದ ಕೇಳಿದಳು. ಆ ದಿನದಿಂದ ಅವಳು ಮತ್ತೆ ಕೊಡ ಹಿಡಿದು ಹೊರಗೆ ಬರತೊಡಗಿದಳು. ಯಾರೂ ಏನೂ ಕೇಳಲಿಲ್ಲ. ಅವಳ ಕೊಡ ತುಂಬುವ ಮೊದಲೇ ಯಾರೋ ಒಬ್ಬರಿಗೆ ಹೇಗೋ ಅವಳ ಮನೆಯ ಕಡೆಗೇ ಕೆಲಸ ಬೀಳುತ್ತಿತ್ತು, ಕೊಡ ಅವರ ಸೊಂಟವೇರುತ್ತಿತ್ತು.

ಐದು ತಿಂಗಳು ತುಂಬಿತು. ಅನ್ನದಾನಮ್ಮ ಹೆಂಗಸರನ್ನು ಕರೆದು ಕೂರಿಸಿ, ಗಂಟಲು ಸರಿಮಾಡಿಕೊಂಡು ಸುದ್ದಿ ಹೇಳಿದಳು.

"ಅಯ್ಯ ನಮ್ಮವ್ವಾ!" ಗಾದೆಮ್ಮ ಗಲ್ಲಕ್ಕೆ ಕೈಹಚ್ಚಿದಳು. "ಒಂದು ಮಾತೂ ಗೊತ್ತಾಗಲಿಲ್ಲ ನೋಡ್ರಿ ನಮಗ!"

"ಎಂಥಾ ಗಟ್ಟಿ ಬಾಯಿ ನಿಮ್ದು," ಎಂದಳು ಶಿವಬಸಮ್ಮ.

ಗಾದೆಮ್ಮ ಸೆರಗಿನೊಳಗಿಂದ ಕೂಸಿನ ಕುಲಾವಿ ತೆಗೆದು ಕೊಟ್ರಬಸಮ್ಮನ ಉಡಿಗೆ ಹಾಕಿದಳು. ಹೊಲಿದದ್ದಷ್ಟೇ ಅಲ್ಲ, ಮೆತ್ತಗಾಗಲೆಂದು ಎಷ್ಟೋ ಸಲ ಒಗೆದು ಒಣಗಿಸಿದ್ದೂ ಆಗಿತ್ತು. ಕೊಟ್ರಬಸಮ್ಮ ಅದನ್ನು ಕೆನ್ನೆಗೆ ಒತ್ತಿಕೊಂಡು ಸುತ್ತ ನೋಡಿದಳು. ಒಬ್ಬಳು ಕೊಬ್ಬರಿ ತಂದಿದ್ದಳು, ಒಬ್ಬಳು ಉತ್ತತ್ತಿ, ಪಕ್ಕೀರಮ್ಮ ಅಬ್ಬಲಿಗೆಯ ದಂಡೆ. ಯಾರ ಕೈಯಲ್ಲೂ ಬಾಳೆಹಣ್ಣು ಇರಲಿಲ್ಲ.