ಒಂದೇ ನೊಗದ ಎತ್ತುಗಳು

ಒಂಬತ್ತನೇ ಇಯತ್ತೆಯ ಇಂಗ್ಲಿಷ್ ಪಾಠದಲ್ಲಿ ‘ಕಾಂಪಿಟಿಟಿವ್’ ಎಂಬ ಶಬ್ದ ಬರುತ್ತದೆ. ಗುಣವಾಚಕ, ಅರ್ಥ ‘ಸ್ಪರ್ಧಾತ್ಮಕ’, ಇನ್ನೊಬ್ಬರನ್ನು ಮೀರಿಸುವ ಹಂಬಲವುಳ್ಳ. ಚಿಕ್ಕೋಡಿಯ ಶಾಲೆಯಲ್ಲಿ ವರ್ಷವರ್ಷವೂ ಹಲಗೆಯ ಮೇಲೆ ಬರೆಯುತ್ತಿದ್ದೆ. ವಾಕ್ಯದಲ್ಲಿ ಬಳಸಿ ತೋರಿಸುವಾಗ ನನ್ನ ಅಣ್ಣಂದಿರನ್ನೇ ಉದಾಹರಣೆ ಕೊಡುತ್ತಿದ್ದೆ. ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಕರೋಶಿಯಲ್ಲಿ ನಮ್ಮದು ಕಬ್ಬಿನ ಮನೆತನ. ಹಿರಿಯಣ್ಣ ಮುರಗೆಪ್ಪ ಬೋರು ಹೊಡೆಸಿದರೆ ನಡುವಿನವ ಲಗಮಣ್ಣ ಅದಕ್ಕಿಂತ ಆಳಕ್ಕೆ ಹೊಡೆಸಬೇಕು. ಇವನು ಮೀಸೆ ಬಿಟ್ಟರೆ ಅವನೂ ಬಿಡಬೇಕು. ತೊಂಬತ್ತೊಂದರಲ್ಲಿ ವಾಟಣಿಯಾಗಿ ಹೊಲ, ಮನೆ ಪಾಲಾದವು. ಕೊನೆಗೆ ಉಳಿದದ್ದು ಜೋಡೆತ್ತು. ಬಿಟ್ಟುಕೊಡಲು ಇಬ್ಬರೂ ತಯಾರಿರಲಿಲ್ಲ. ಸರ್ಜ್ಯಾ ಮುರಗೆಪ್ಪನಿಗೆ, ಹರಣ್ಯಾ ಲಗಮಣ್ಣನಿಗೆ ಎಂದು ಜೋಡಿಯನ್ನೇ ಒಡೆದರು. ಕರುಗಳಿದ್ದಾಗಿನಿಂದ ಹಿಂಡಿ ತಿನ್ನಿಸಿ ಬೆಳೆಸಿದವಳು ನಮ್ಮವ್ವ ಚನ್ನವ್ವ. ಅವಳನ್ನು ಯಾರೂ ಕೇಳಲಿಲ್ಲ.

ಇಬ್ಬರೂ ಬೇರೊಂದು ಎತ್ತು ತಂದು ಜೋಡಿ ಮಾಡಿಕೊಂಡರು. ಆ ಬೇಸಿಗೆಯ ಗಾಡಿ ಓಟದ ಶರ್ಯತ್ತಿಗೆ ಇಬ್ಬರೂ ಹೆಸರು ಕೊಟ್ಟರು.

“ಇಷ್ಟ ವರ್ಷ ಒಂದ ನೊಗಕ್ಕ ಹೆಗಲ ಕೊಟ್ಟಾವು. ಎದುರಾಬದುರ ಓಡಸಬ್ಯಾಡ್ರೋ,” ಎಂದು ಅವ್ವ ಕೈಮುಗಿದಳು.

“ಅವಂಗ ಹೇಳು,” ಎಂದ ಮುರಗೆಪ್ಪ. ಲಗಮಣ್ಣನೂ ಅದನ್ನೇ ಹೇಳಿದ.

ಶರ್ಯತ್ತಿನ ದಿನ ಲಗಮಣ್ಣನ ಗಾಡಿ ಮುರಗೆಪ್ಪನ ಗಾಡಿಯ ಬಲಗಡೆಗೆ ಸರಿಸಮ ಬಂತು. ಹರಣ್ಯಾನ ಕೊರಳ ಗೆಜ್ಜೆ ಕೇಳಿದ್ದೇ ತಡ, ಸರ್ಜ್ಯಾ ಹಳೆಯ ಜೊತೆಗಾರನ ಮಗ್ಗುಲಿಗೆ ಹೋಗಲು ಬಲಕ್ಕೆ ನುಗ್ಗಿತು. ಗಾಲಿಗೆ ಗಾಲಿ ಸಿಕ್ಕಿ ಗಾಡಿಗಳು ಮಗುಚಿದವು. ಮುರಿದ ನೊಗ ಹರಣ್ಯಾನ ಎದೆಗೆ ಹೊಕ್ಕಿತು. ಅಣ್ಣಂದಿರಿಗೆ ಮೊಣಕಾಲು ತರಚಿತ್ತು, ಅಷ್ಟೇ.

“ನನ್ನ ಗಾಡಿ ಮುಂದಿತ್ತು!” ಎಂದು ಮುರಗೆಪ್ಪ ಎದ್ದು ನಿಂತವನೇ ಕೂಗಿದ.

“ಯಾಂವ ಅಂದಾನಲೇ? ನಂದ ಮುಂದಿತ್ತು!” ಎಂದ ಲಗಮಣ್ಣ.

ನನಗೆ ಹೇಸಿಗೆಯಾಯಿತು. ಅವ್ವ ಹರಣ್ಯಾನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ಸರ್ಜ್ಯಾ ಹರಿದ ಹಗ್ಗ ಎಳೆದುಕೊಂಡು ಬಂದು ಅದರ ಎಡಗಡೆ, ಎಂದಿನ ತನ್ನ ಜಾಗದಲ್ಲಿ, ನಿಂತಿತು.

“ಇಬ್ಬರೂ ಕೂಡಿ ಎತ್ರೋ, ನೆಳ್ಳಿಗೆ ಒಯ್ಯೂನು,” ಎಂದಳು ಅವ್ವ.

“ಅವ ಕೈ ಹಚ್ಚಿದ್ರ ನಾ ಹಚ್ಚಾಂವಲ್ಲ,” ಎಂದ ಮುರಗೆಪ್ಪ. ಲಗಮಣ್ಣ ಹಿಂದೆ ಸರಿದ. ಓಟದ ಗುರಿಯ ಕಡೆ ನಿಂತಿದ್ದ ಊರವರನ್ನು ನಾನು ಕರೆದು ತರುವಷ್ಟರಲ್ಲಿ ಹರಣ್ಯಾ ಬಿಸಿಲಲ್ಲೇ ಪ್ರಾಣ ಬಿಟ್ಟಿತ್ತು.

“ನನ್ನ ಹೊಟ್ಟ್ಯಾಗ ಎತ್ತಾದ್ರೂ ಹುಟ್ಟಬಾರದಿತ್ತ?” ಎಂದಳು ಅವ್ವ. ಅಂದೇ ನನ್ನೊಂದಿಗೆ ಚಿಕ್ಕೋಡಿಗೆ ಬಂದವಳು ಮತ್ತೆ ಕರೋಶಿಯ ಹೆಸರೆತ್ತಲಿಲ್ಲ. ಅಣ್ಣಂದಿರು ಮುಂದಿನ ಶರ್ಯತ್ತಿಗೆ ಹೊಸ ಎತ್ತು ನೋಡುತ್ತಿದ್ದಾರೆಂದು ಕೇಳಿದೆ.

ಶಾಲೆ ಶುರುವಾಗಿ ಆ ಪಾಠ ಬಂತು. ಹಲಗೆಯ ಮೇಲೆ ಶಬ್ದ ಬರೆದೆ, ಅರ್ಥ ಬರೆದೆ. ಉದಾಹರಣೆ ಕೊಡಲಿಲ್ಲ. ಮುಂದಿನ ಬೆಂಚಿನ ರಾಜಮತಿ ಎದ್ದು ನಿಂತಳು.

“ಸರ, ಇದು ಛಲೋ ಗುಣ ಅಲ್ರಿ?”

ಪುಸ್ತಕದಲ್ಲಿ ಹಾಗೇ ಇತ್ತು. ಪರೀಕ್ಷೆಯಲ್ಲಿ ಹಾಗೆ ಬರೆದರೇ ಅಂಕ.

“ಹೌದವಾ, ಛಲೋ ಗುಣ,” ಎಂದೆ. ಎಲ್ಲರೂ ಬರೆದುಕೊಂಡರು.