ಕೌದಿಗೊಂದು ಚಾಳೀಸು

"ಈ ಚಾಳೀಸು ನೀವ ಹಾಕ್ಕೋರಿ," ಎಂದು ಭೀಮಾಬಾಯಿ ಕನ್ನಡಕವನ್ನು ಗಾಜಿನ ಮೇಜಿನ ಮೇಲೆ ಕುಕ್ಕಿದಳು. "ಪೇಪರ ಓದಾಕ ಛಲೋ ಐತಿ. ನಾ ಎಲ್ಲಿ ಪೇಪರ ಓದಾಕಿ? ಕೌದಿ ಹೊಲ್ಯಾಕಿ. ಹೊಲಿಗಿ ಕಾಣಂಗಿಲ್ಲ."

ಸೊಲ್ಲಾಪುರ ರಸ್ತೆಯ ಆ ಕನ್ನಡಕದ ಅಂಗಡಿಗೆ ಅವಳು ತೊರವಿಯಿಂದ ಬಂದದ್ದು ಇದು ಮೂರನೆಯ ಸಲ. ಮಾಲೀಕ ರಾಜಾರಾಮ ಮತ್ತೆ ಓದುವ ಪಟ್ಟಿ ಹಿಡಿದ. ಅದೇ ಕನ್ನಡಕದಲ್ಲಿ ಅವಳು ಸಣ್ಣ ಅಂಕಿಗಳನ್ನೂ ಪಟಪಟನೆ ಹೇಳಿದಳು.

"ನಂಬರ ಬರೋಬ್ಬರಿ ಐತ್ರಿ ಆಯಿ. ವಯಸ್ಸಾತು, ಇನ್ನ ಹೊಲಿಗಿ ಬಿಡ್ರಿ."

ಮನೆಯಲ್ಲಿ ಸೊಸೆಯೂ ಇದನ್ನೇ ಅಂದಿದ್ದಳು. ಭೀಮಾಬಾಯಿಗೆ ಸಿಟ್ಟಿಗಿಂತ ಅಂಜಿಕೆಯೇ ಹೆಚ್ಚಾಯಿತು. ಕೌದಿ ಹೊಲಿಯದ ಭೀಮಾಬಾಯಿ ಹೇಗಿರುತ್ತಾಳೆಂದು ಅವಳಿಗೇ ಗೊತ್ತಿರಲಿಲ್ಲ.

ಒಳಗೆ ಗಾಜು ಉಜ್ಜುತ್ತಿದ್ದ ಅಂಗಡಿಯ ಕೆಲಸದ ಹುಡುಗಿ ಮಹಾನಂದಾ ಕೈ ಒರೆಸಿಕೊಂಡು ಹೊರಬಂದಳು. "ಆಯೀ, ಹೊಲಿಯೂ ಮುಂದ ಹೆಂಗ ಕೂಡ್ತೀರಿ? ಕೂತ ತೋರಸ್ರಿ."

ಭೀಮಾಬಾಯಿ ಜೊತೆಗೆ ತಂದಿದ್ದ ಗಂಟು ಬಿಚ್ಚಿ, ಹಳೆ ಸೀರೆಗಳ ಅರ್ಧ ಹೊಲಿದ ಕೌದಿಯನ್ನು ನೆಲಕ್ಕೆ ಹಾಸಿ, ಅಂಚನ್ನು ಕಾಲಡಿ ಒತ್ತಿ ಕೂತಳು. ಮಹಾನಂದಾ ಕಣ್ಣಿನಿಂದ ಸೂಜಿಯವರೆಗೆ ಟೇಪು ಹಿಡಿದಳು. ಎರಡು ಫೂಟಿಗೆ ಒಂದಿಂಚು ಕಡಿಮೆ. ಓದುವ ಪಟ್ಟಿ ಹಿಡಿದದ್ದು ಬರೀ ಒಂದು ಫೂಟಿನಲ್ಲಿ.

"ಕಣ್ಣೇನೂ ಹೋಗಿಲ್ರಿ. ನಾವ ಅಳತಿ ತಪ್ಪೇವಿ."

"ಕಣ್ಣ ನೋಡೂ ಮಷೀನ ಸುಳ್ಳ ಹೇಳತೈತೇನ?" ಎಂದ ರಾಜಾರಾಮ.

ಮಹಾನಂದಾ ವಾದಕ್ಕೆ ನಿಲ್ಲಲಿಲ್ಲ. ಕೌದಿಯನ್ನು ಮೆಟ್ಟಿಲ ಮೇಲಿನ ಮಧ್ಯಾಹ್ನದ ಬಿಸಿಲಿಗೆ ಎಳೆದು, ಅದೇ ಎತ್ತರದಲ್ಲಿ ಹಳೆಯ ಕನ್ನಡಕ ಹಿಡಿದಳು. ಬಟ್ಟೆಯ ಮೇಲೆ ಬೆಳಕು ಮಸುಕಾಗಿ ಹರಡಿತು. ಗಾಜಿಗೂ ಬಟ್ಟೆಗೂ ನಡುವೆ ಅಂಗೈ ಒಡ್ಡಿದಾಗ ಅದು ಚುಕ್ಕೆಯಾಗಿ ಅಲ್ಲೇ ಸಿಕ್ಕಿತು.

"ಗಾಜಿನ ಹೊಟ್ಟಿ ಉಬ್ಬಿದಷ್ಟೂ ಬೆಳಕ ಜಾಸ್ತಿ ಬಾಗತೈತ್ರಿ, ಲಗೂನ ಕೂಡತೈತಿ. ಇದು ಅರ್ಧ ದಾರ್ಯಾಗ ಕೂಡಿ, ಮತ್ತ ಚದರಾಕತ್ತೈತಿ."

ಆಮೇಲೆ ಡಬ್ಬಿಯಿಂದ ಒಂದೂಮುಕ್ಕಾಲು ನಂಬರಿನ ತೆಳ್ಳನೆಯ ಗಾಜು ತೆಗೆದು ಅಷ್ಟೇ ಎತ್ತರಕ್ಕೆ ಹಿಡಿದಳು. ಚುಕ್ಕೆ ನೇರ ಇಳಿದು ಹೊಲಿಗೆಯ ಮೇಲೆ ಕೂತಿತು.

"ಕೌದಿ ಸುಟ್ಟೀ ಬೇ!" ಎಂದು ಭೀಮಾಬಾಯಿ ಚೀರಿದಳು. ರಾಜಾರಾಮ ತಾನೇ ಫ್ರೇಮು ಬಿಚ್ಚಲು ಕೂತ.

ಹೊಸ ಗಾಜು ಕೂಡಿಸಲು ಅರ್ಧ ತಾಸು ಹಿಡಿಯಿತು. ಭೀಮಾಬಾಯಿ ಅದನ್ನು ಏರಿಸಿಕೊಂಡು ಕೌದಿಗೆ ಬಾಗಿದಳು. ಹೊಲಿಗೆಯ ಮೇಲೆ ಬೆರಳಾಡಿಸಿ ಹುಬ್ಬು ಗಂಟಿಕ್ಕಿದಳು.

"ಏನಾತ್ರಿ? ಕಾಣವಲ್ತೇನ?" ಎಂದಳು ಮಹಾನಂದಾ.

"ಯಪ್ಪಾ! ಕಾಣಾಕತ್ತೈತಿ. ಇಷ್ಟ ಸೊಟ್ಟ ಹೊಲದೀನೇನ ನಾ? ಕತ್ರಿ ಕೊಡ ತಂಗಿ."

ಬಸ್ಸಿನ ವೇಳೆಯಾಗಿತ್ತು. ಅವಳು ಅದೇ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಹಳೆಯ ಕನ್ನಡಕದಲ್ಲಿ ಹಾಕಿದ ಆರು ತಿಂಗಳ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು.